ಮುಖ ಮಗಳದು, ಸೀರೆ ಯಾರದು?

ಕಳೆದ ಶ್ರಾವಣದಲ್ಲಿ ನಾವು ಸಾಸ್ತೂರಿಗೆ ಹೋಗಿದ್ದೆವು. ಹಿರಿಯ ಬಂಧುಗಳೊಬ್ಬರ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಗೋಡೆಯ ಮೇಲಿನ ಒಂದು ಭಾವಚಿತ್ರ ನಮ್ಮ ಕಣ್ಣಿಗೆ ಬಿತ್ತು. ಇಪ್ಪತ್ತರ ಹರೆಯದ ಹೆಣ್ಣುಮಗಳು. ತಿಳಿಗುಲಾಬಿ ಬಣ್ಣದ ನೈಲಾನ್ ಸೀರೆ. ಹಿಂದೆ ನೀಲಿ ಆಕಾಶ. ಚೌಕಟ್ಟಿಗೆ ಗಂಧದ ಮಾಲೆ. ಮುಖ ಚೆನ್ನಾಗಿ ಮೂಡಿದೆಯೆಂದು ನಾವು ಮೆಚ್ಚಿ ನುಡಿದೆವು. ಮನೆಯ ಹಿರಿಯಜ್ಜಿ ಬಾಗಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತದೆಯೇ ಹೇಳಿದರು:

“ಮಾರಿ ನನ್ನ ಮಗಳದೇ ತಮ್ಮಾ. ಸೀರಿ ಯಾರದೋ ಏನೋ. ಇಂಥಾ ಸೀರಿ ಆಕಿ ಒಂದ ದಿನಾನೂ ಉಟ್ಟಾಕಿ ಅಲ್ಲ. ಗದ್ದದ ಮ್ಯಾಲ ಹಚ್ಚಿಬೊಟ್ಟು ಇತ್ತು, ಅದನ್ನೂ ಅಳಿಸ್ಯಾರ.”

ಆ ಮಾತಿಗೆ ನಾವು ಉತ್ತರ ಕೊಡಲಾಗಲಿಲ್ಲ. ಆದರೆ ಅದೇ ಸಂಜೆ ಅಜ್ಜಿಯ ಮೊಮ್ಮಗ ನಮ್ಮೆದುರು ಇನ್ನೊಂದು ಪ್ರಶ್ನೆಯನ್ನು ತಂದಿಟ್ಟ. ಅವನು ಸೊಲ್ಲಾಪುರದಲ್ಲಿ ಜಾಹೀರಾತು ಚಿತ್ರಕಲೆಯನ್ನು ಕಲಿಯುತ್ತಿದ್ದಾನೆ. ಸಂಜೆ ಒಂದು ಅಂಗಡಿಯಲ್ಲಿ ಕೆಲಸವನ್ನೂ ಮಾಡುತ್ತಾನೆ. “ಕಾಕಾ, ಫೋಟೋ ನೋಡಿ ಬರೆದರೆ ತರಗತಿಯಲ್ಲಿ ಬೈಯುತ್ತಾರೆ. ಫೋಟೋ ನೋಡದೆ ಬರೆದರೆ ಅಂಗಡಿಯಲ್ಲಿ ಬೈಯುತ್ತಾರೆ. ಯಾರ ಮಾತು ಖರೆ?” ಎಂದು ಕೇಳಿದ. ಈ ತಿಂಗಳು ಆ ಎರಡು ಮಾತುಗಳನ್ನು, ಅಜ್ಜಿಯದನ್ನೂ ಮೊಮ್ಮಗನದನ್ನೂ, ಒಟ್ಟಿಗೆ ಇಟ್ಟುಕೊಂಡು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ಆ ಭಾವಚಿತ್ರದ ಕಥೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನಮ್ಮ ಸೀಮೆಯ ನೆಲ ನಡುಗಿದ್ದನ್ನು ಯಾರೂ ಮರೆತಿಲ್ಲ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ ಜನ. ಕಲ್ಲು ಮಣ್ಣಿನ ದಪ್ಪ ಗೋಡೆ, ತಲೆಯ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳು ಕೆಲವೇ ಕ್ಷಣಗಳಲ್ಲಿ ಮಣ್ಣಿನ ಗುಡ್ಡೆಗಳಾದವು. ಸಾವಿರಾರು ಜನ ಸತ್ತರು. ಮನೆಯೊಡನೆ ಮನೆಯ ಟ್ರಂಕು, ಟ್ರಂಕಿನೊಡನೆ ಅದರಲ್ಲಿದ್ದ ಫೋಟೋಗಳು ಮಣ್ಣು ಪಾಲಾದವು. ಸತ್ತವರ ಮುಖ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯದ ಮನೆಗಳು ಎಷ್ಟೋ.

ಈ ಮನೆಯವರಿಗೆ ಬೇರೂರಿನ ಬೀಗರಲ್ಲಿ ಒಂದು ಮದುವೆಯ ಗುಂಪಿನ ಫೋಟೋ ಸಿಕ್ಕಿತು. ಅದರಲ್ಲಿ ಮಗಳ ಮುಖ ಹುಣಸೆಬೀಜದಷ್ಟು. ಅದನ್ನೇ ಹಿಡಿದು ಪಟ್ಟಣದ ಒಬ್ಬ ಪೇಂಟರನಲ್ಲಿಗೆ ಹೋದರು. ಅವನ ಬಳಿ ಆಗ ಇಂಥ ಚಿತ್ರಕ್ಕಾಗಿ ಬಂದವರ ಸಾಲೇ ಇತ್ತಂತೆ. ಅವನು ಮಾಡಿದ್ದಿಷ್ಟು: ಗಂಡಸರಿಗೆ ಕೋಟು, ಹೆಂಗಸರಿಗೆ ಸೀರೆ ಎಂದು ಮೊದಲೇ ಬರೆದಿಟ್ಟುಕೊಂಡ ಮೈಗಳ ಮೇಲೆ ಮುಖ ಒಂದನ್ನೇ ಹೊಸದಾಗಿ ಬರೆದು ಕೊಟ್ಟ. ಗದ್ದದ ಹಚ್ಚೆಯ ಚುಕ್ಕಿಯನ್ನು ಫೋಟೋದ ಮೇಲೆ ಕುಳಿತ ಧೂಳೆಂದು ಬಗೆದು ಬಿಟ್ಟ. ಅವನನ್ನು ನಾವು ನಿಂದಿಸಲಾರೆವು. ಅಷ್ಟು ಮನೆಗಳ ದುಃಖವನ್ನು ಒಂದು ಕುಂಚ ಹೊರುವುದು ಸುಲಭವಲ್ಲ. ಅವನೂ ಹೊಟ್ಟೆಯ ಪಾಡಿಗೆ ದುಡಿಯುವವನು. ಆದರೂ ಅಜ್ಜಿ ಮೂವತ್ತು ವರ್ಷಕ್ಕೂ ಮಿಕ್ಕಿ ಪರರ ಸೀರೆಯುಟ್ಟ ಮಗಳಿಗೆ ದೀಪ ಹಚ್ಚುತ್ತಿದ್ದಾರೆ. ತಪ್ಪು ಎಲ್ಲಿ ಆಯಿತು? ಫೋಟೋ ನೋಡಿ ಬರೆದದ್ದರಲ್ಲಿಯೋ, ಬೇಗ ಬರೆದದ್ದರಲ್ಲಿಯೋ, ಅಥವಾ ಮತ್ತೆಲ್ಲಿಯೋ?

ಫೋಟೋ ನೋಡಿ ಬರೆಯುವುದೇ ಕಳ್ಳತನವೆನ್ನುವವರು ಆ ಕೆಲಸದ ಕ್ರಮವನ್ನು ಒಮ್ಮೆ ಕಣ್ಣಾರೆ ಕಾಣಬೇಕು. ಪಾಸ್‌ಪೋರ್ಟ್ ಅಳತೆಯ ಫೋಟೋ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಅದರ ಮೇಲೆ ಐದೈದು ಮಿಲಿಮೀಟರಿಗೆ ಗೀಟು ಎಳೆದರೆ ಅಡ್ಡಕ್ಕೆ 7, ಉದ್ದಕ್ಕೆ 9, ಒಟ್ಟು 63 ಚೌಕಗಳಾಗುತ್ತವೆ. ಕ್ಯಾನ್ವಾಸಿನ ಮೇಲೆ ಅಷ್ಟೇ ಚೌಕಗಳನ್ನು ಐದೈದು ಸೆಂಟಿಮೀಟರಿನಂತೆ ಹಾಕಿದರೆ ಚಿತ್ರ ಹತ್ತು ಪಟ್ಟು ಹಿಗ್ಗುತ್ತದೆ. ಒಂದೊಂದು ಅಡಿಯಂತೆ ಹಾಕಿದರೆ ಏಳಡಿ ಅಗಲ, ಒಂಬತ್ತಡಿ ಎತ್ತರದ ಬೋರ್ಡು. ಸಣ್ಣ ಚೌಕದಲ್ಲಿ ಮೂಗಿನ ಅಂಚು ಎಲ್ಲಿ ಗೀಟನ್ನು ದಾಟುತ್ತದೆಯೋ ದೊಡ್ಡ ಚೌಕದಲ್ಲಿಯೂ ಅಲ್ಲಿಯೇ ದಾಟಬೇಕು. ಇದರಿಂದ ಅಳತೆ ತಪ್ಪುವುದಿಲ್ಲ, ಸಮಯ ಉಳಿಯುತ್ತದೆ. ಆದರೆ ಹುಣಸೆಬೀಜದಷ್ಟಿರುವ ಮುಖದಲ್ಲಿ ರೆಪ್ಪೆಯ ಮಡಿಕೆ ಕಾಣುವುದಿಲ್ಲ, ತುಟಿಯ ಅಂಚು ಮಸುಕಾಗಿರುತ್ತದೆ. ಚೌಕ ಎಷ್ಟೇ ಹಾಕಿದರೂ ಇಲ್ಲದ್ದನ್ನು ಅದು ತಂದುಕೊಡಲಾರದು. ಅದನ್ನು ತುಂಬಬೇಕಾದದ್ದು ಮನುಷ್ಯರ ಮುಖಗಳನ್ನು ವರ್ಷಗಟ್ಟಲೆ ನೋಡಿ ಪಳಗಿದ ಕಣ್ಣು.

ಈ ಒಳದಾರಿಗಳು ಫೋಟೋ ಬಂದ ಮೇಲೆ ಹುಟ್ಟಿದವೂ ಅಲ್ಲ. ಜರ್ಮನಿಯ ಡ್ಯೂರರ್ 1525ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿಯೇ, ಚಿತ್ರಕಾರನು ವಸ್ತುವನ್ನು ಕಂಡಂತೆ ಬರೆದುಕೊಳ್ಳುವುದಕ್ಕೆ ನೆರವಾಗುವ ಉಪಕರಣಗಳನ್ನು ಚಿತ್ರಸಹಿತ ವಿವರಿಸಿದ್ದಾನೆ. ನಮ್ಮ ದೇಶದ ಚಿಕಣಿ ಚಿತ್ರಕಾರರು ಪಾರದರ್ಶಕವಾದ ತೆಳುತೊಗಲಿನ ಮೇಲೆ ಹಳೆಯ ಚಿತ್ರದ ರೇಖೆ ತೆಗೆದು, ಅದಕ್ಕೆ ಸೂಜಿಯಿಂದ ತೂತು ಚುಚ್ಚಿ, ಇದ್ದಿಲ ಪುಡಿ ಉದುರಿಸಿ ಹೊಸ ಕಾಗದಕ್ಕೆ ಇಳಿಸುತ್ತಿದ್ದರು. ದೂರವೇಕೆ, ನಮ್ಮ ಹೆಣ್ಣುಮಕ್ಕಳು ಹಬ್ಬದ ಅವಸರದಲ್ಲಿ ತೂತಿನ ತಗಡಿಟ್ಟು ರಂಗೋಲಿ ಹಾಕುವುದಿಲ್ಲವೇ? ಅದರಿಂದ ಅಂಗಳ ಅಪವಿತ್ರವಾಯಿತೆಂದು ಯಾರೂ ಹೇಳಿದ್ದಿಲ್ಲ. ಆದರೆ ಚುಕ್ಕಿಯಿಟ್ಟು ಎಳೆ ಎಳೆಯುವುದನ್ನು ಬಲ್ಲವಳು ತಗಡು ಮುರಿದ ದಿನವೂ ರಂಗೋಲಿ ಹಾಕುತ್ತಾಳೆ. ತಗಡನ್ನೇ ನೆಚ್ಚಿದವಳು ಬರಿ ನೆಲ ಸಾರಿಸಿ ನಿಲ್ಲುತ್ತಾಳೆ.

ನಮ್ಮ ಮನೆಗಳ ದೇವರ ಪಟಗಳ ಮಾತಿಗೆ ಬರೋಣ. ಲಕ್ಷ್ಮಿ ಸರಸ್ವತಿಯರ ಆ ರೂಪಗಳನ್ನು ಮನೆಮನೆಗೆ ಮುಟ್ಟಿಸಿದವರು ರಾಜಾ ರವಿವರ್ಮರು. 1894ರಲ್ಲಿ ಮುಂಬಯಿಯಲ್ಲಿ ಅವರ ಮುದ್ರಣಾಲಯ ಆರಂಭವಾಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಸಿದ್ಧಪಡಿಸಿ, ಒಂದರ ಮೇಲೊಂದು ಒತ್ತಿ ಸಾವಿರಾರು ಪ್ರತಿ ತೆಗೆಯುವ ಆ ಕೆಲಸಕ್ಕೆ ಜರ್ಮನಿಯ ಕುಶಲರನ್ನು ಇಟ್ಟುಕೊಂಡಿದ್ದರು. ಭಾವಚಿತ್ರಗಳಿಗೆ ಅವರು ಫೋಟೋಗಳ ನೆರವನ್ನೂ ಪಡೆಯುತ್ತಿದ್ದರು. ಅರಮನೆಯ ತೈಲಚಿತ್ರ ಗುಡಿಸಲಿನ ಗೋಡೆಗೆ ಬಂದದ್ದು ಇಂಥ ಒಳದಾರಿಯಿಂದಲೇ. ಅದನ್ನು ಮೋಸವೆಂದು ಕರೆಯುವ ಧೈರ್ಯ ನಮಗಿಲ್ಲ.

ಇನ್ನು ನಮ್ಮವರೇ ಒಬ್ಬರು. ಗಡಿಯ ಆಚೆ ನಮಗೆ ಹತ್ತಿರವೇ ಆದ ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮದ್ರಾಸಿನಲ್ಲಿಯೂ ಮುಂಬಯಿಯಲ್ಲಿಯೂ ಕಲಿತು, ಮುಂಬಯಿಯ ಸಿನಿಮಾ ಪ್ರಚಾರದ ಕಲೆಯಲ್ಲಿ ದೊಡ್ಡ ಹೆಸರು ಪಡೆದರು. ಮೆಟ್ರೋ ಚಿತ್ರಮಂದಿರದ ಪ್ರದರ್ಶನ ಫಲಕಗಳು, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳು, ಮುಂದೆ ಕ್ಯಾಲೆಂಡರುಗಳ ಪುರಾಣಚಿತ್ರಗಳು ಅವರ ಕೈಯಿಂದ ಬಂದವು. ಸಿನಿಮಾ ಪ್ರಚಾರದ ಚಿತ್ರಕಾರನ ಎದುರಿಗೆ ನಟನಾಗಲಿ ನಟಿಯಾಗಲಿ ಬಂದು ಕೂಡುತ್ತಿರಲಿಲ್ಲ. ಕಪ್ಪು ಬಿಳುಪಿನ ಸ್ಥಿರಚಿತ್ರಗಳು ಬರುತ್ತಿದ್ದವು, ಚಿತ್ರ ಬಿಡುಗಡೆಯಾಗುವ ತಾರೀಖು ತಲೆಯ ಮೇಲೆ ಕುಳಿತಿರುತ್ತಿತ್ತು. ಆ ಕಪ್ಪು ಬಿಳುಪಿಗೆ ಮೈಬಣ್ಣ ಕೊಡುವವನು, ಬಟ್ಟೆಗೆ ಬಣ್ಣ ಆರಿಸುವವನು, ಬೆಳಕು ಎತ್ತಣಿಂದ ಬೀಳಬೇಕೆಂದು ನಿರ್ಣಯಿಸುವವನು ಚಿತ್ರಕಾರನೇ. ಫೋಟೋ ಕೊಟ್ಟದ್ದು ಹೋಲಿಕೆಯನ್ನು ಮಾತ್ರ. ಪಂಡಿತರು 1993ರಲ್ಲಿ, ಈ ಸೀಮೆ ನಡುಗಿದ ವರ್ಷವೇ, ತೀರಿಕೊಂಡರು. ಕಲಬುರ್ಗಿಯ ರಂಗಮಂದಿರ ಇಂದು ಅವರ ಹೆಸರಿನಲ್ಲಿದೆ. ಪಂಢರಪುರದಲ್ಲಿ ಹುಟ್ಟಿದ ಎಂ. ಎಫ್. ಹುಸೇನರೂ ಮುಂಬಯಿಯ ಬೀದಿಗಳಲ್ಲಿ ಸಿನಿಮಾ ಹೋರ್ಡಿಂಗು ಬರೆದೇ ಕೈ ಪಳಗಿಸಿಕೊಂಡವರು.

ಹೀಗೆಂದ ಮಾತ್ರಕ್ಕೆ ಫೋಟೋ ಸತ್ಯದ ಮೂರ್ತಿಯೆಂದು ತಿಳಿಯಬೇಕಾಗಿಲ್ಲ. ಅದು ಕೆಲವೊಮ್ಮೆ ಕಣ್ಣನ್ನು ತಿದ್ದುತ್ತದೆ, ಕೆಲವೊಮ್ಮೆ ಕಣ್ಣಿಗೆ ಮಣ್ಣೆರಚುತ್ತದೆ. ತಿದ್ದಿದ ಒಂದು ನಿದರ್ಶನ ಪ್ರಸಿದ್ಧವಾಗಿದೆ. ಫ್ರಾನ್ಸಿನ ಜೆರಿಕೋ 1821ರಲ್ಲಿ ಬರೆದ ಕುದುರೆ ಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತಿವೆ. ಆಗಿನ ಚಿತ್ರಕಾರರೆಲ್ಲ ಓಟವನ್ನು ಬಹುಮಟ್ಟಿಗೆ ಹಾಗೆಯೇ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ ಓಡುವ ಕುದುರೆಯ ದಾರಿಯಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಫೋಟೋಗಳಿಂದ, ನಾಲ್ಕೂ ಕಾಲುಗಳು ನೆಲ ಬಿಡುವುದು ಖರೆ, ಆದರೆ ಆಗ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಚಿರುತ್ತವೆ ಎಂಬುದು ತಿಳಿಯಿತು. ಸಾವಿರಾರು ವರ್ಷ ಕುದುರೆಯೊಡನೆ ಬಾಳಿದ ಮನುಷ್ಯನ ಕಣ್ಣಿಗೆ ಕಾಣದ್ದನ್ನು ಯಂತ್ರ ತೋರಿಸಿತು.

ಅದೇ ಯಂತ್ರದ ಸುಳ್ಳುಗಳನ್ನೂ ಕೇಳಿ. ಮುಖದ ತೀರ ಹತ್ತಿರ ಹಿಡಿದು ತೆಗೆದರೆ ಮೂಗು ದಪ್ಪವಾಗುತ್ತದೆ, ಕಿವಿಗಳು ಹಿಂದೆ ಸರಿದು ಸಣ್ಣದಾಗುತ್ತವೆ. ಎದುರಿಗೆ ಫ್ಲ್ಯಾಶ್ ಹೊಡೆದರೆ ಕೆನ್ನೆಯ ಏರುತಗ್ಗುಗಳು ಅಳಿದು ಮುಖ ರೊಟ್ಟಿಯಂತಾಗುತ್ತದೆ. ನಮ್ಮ ಕಣ್ಣು ನೆರಳಿನಲ್ಲಿಯೂ ಬಣ್ಣ ಕಾಣುತ್ತದೆ. ಫೋಟೋದಲ್ಲಿ ಆ ಜಾಗ ಬರಿ ಕಪ್ಪು. ಇವನ್ನೆಲ್ಲ ತಿಳಿಯದೆ ಫೋಟೋದಲ್ಲಿದ್ದುದನ್ನು ಇದ್ದಂತೆಯೇ ಇಳಿಸಿದವನ ಚಿತ್ರದಲ್ಲಿ ಕ್ಯಾಮೆರಾದ ತಪ್ಪುಗಳೂ ಬಣ್ಣ ಹಚ್ಚಿಕೊಂಡು ಕುಳಿತಿರುತ್ತವೆ. ತರಗತಿಯಲ್ಲಿ ಗುರುಗಳು ಬೈಯುವುದು ಈ ಕಾರಣಕ್ಕಾಗಿ. ಜೀವಂತ ಮುಖವನ್ನು ಎದುರಿಗಿಟ್ಟು ಬರೆದು ರೂಢಿಯಿಲ್ಲದವನು ಫೋಟೋದ ಸುಳ್ಳನ್ನು ಹೇಗೆ ಗುರುತಿಸಿಯಾನು? ಅಂಗಡಿಯ ಮಾಲೀಕರು ಬೈಯುವುದೂ ಸುಳ್ಳಲ್ಲ. ನಾಳೆ ಬೆಳಿಗ್ಗೆ ಕೊಡಬೇಕಾದ ಬೋರ್ಡಿಗೆ ಟ್ರ್ಯಾಕ್ಟರನ್ನು ನೆನಪಿನಿಂದ ಬರೆಯುತ್ತ ಕುಳಿತರೆ ಗಾಲಿಯ ಲೆಕ್ಕವೂ ತಪ್ಪೀತು, ಗಿರಾಕಿಯೂ ತಪ್ಪಿಯಾನು.

ಇಬ್ಬರ ಮಾತನ್ನೂ ಒಟ್ಟುಗೂಡಿಸಿ ಬಾಳಿದ ಒಬ್ಬ ಚಿತ್ರಕಾರನಿದ್ದ. ಅಮೆರಿಕದ ನಾರ್ಮನ್ ರಾಕ್‌ವೆಲ್ ಪತ್ರಿಕೆಗಳ ಮುಖಪುಟಗಳಿಗೆ ಮನೆಮಂದಿಯ ಬದುಕನ್ನು ಬರೆದು ಜನಪ್ರಿಯನಾದವನು. ತನ್ನ ಊರಿನ ನೆರೆಹೊರೆಯವರನ್ನೇ ಕರೆದು, ತಕ್ಕ ಬಟ್ಟೆ ತೊಡಿಸಿ, ಹೀಗೆ ನಿಲ್ಲಿ, ಹೀಗೆ ನಗಿ ಎಂದು ತಾನೇ ಅಭಿನಯಿಸಿ ತೋರಿಸಿ ಫೋಟೋ ತೆಗೆಸುತ್ತಿದ್ದ. ಒಂದೇ ಚಿತ್ರಕ್ಕೆ ಹಲವು ಫೋಟೋ. ಒಂದರ ಕೈ, ಇನ್ನೊಂದರ ಮುಖ. ಅವನ್ನು ಯಂತ್ರದ ಬೆಳಕಿನಿಂದ ಕಾಗದದ ಮೇಲೆ ಬೀಳಿಸಿ ರೇಖೆ ತೆಗೆದುಕೊಳ್ಳುತ್ತಿದ್ದ. ಇದು ಒಳದಾರಿಯೇ ಸರಿ. ಆದರೆ ಅದನ್ನು ಹಿಡಿಯುವ ಮೊದಲು ಏನು ಬರೆಯಬೇಕೆಂಬುದನ್ನು ಅವನು ನೋಡಿ ಮುಗಿಸಿರುತ್ತಿದ್ದ. ಕೈಯ ದುಡಿಮೆಯನ್ನು ಉಳಿಸಿದ, ಕಣ್ಣಿನ ದುಡಿಮೆಯನ್ನು ಉಳಿಸಲಿಲ್ಲ. ನಮ್ಮ ತರುಣ ಮಿತ್ರನಿಗೆ ಹೇಳಬೇಕಾದ ಮಾತು ಇದೇ ಎಂದು ನಮಗೆ ತೋರುತ್ತದೆ. ಚೌಕ ಹಾಕು, ಟ್ರೇಸಿಂಗ್ ಕಾಗದ ಇಡು, ಕಂಪ್ಯೂಟರಿನಲ್ಲಿ ಹಿಗ್ಗಿಸು. ಇವೆಲ್ಲ ಕೈಗೆ ಊರುಗೋಲು. ನೋಡುವುದನ್ನೂ ಕೇಳುವುದನ್ನೂ ಮಾತ್ರ ಬೇರೆಯವರಿಗೆ ಒಪ್ಪಿಸಬೇಡ. ಸಾಸ್ತೂರಿನ ಚಿತ್ರದಲ್ಲಿ ತಪ್ಪಾದದ್ದು ಅಲ್ಲಿಯೇ. “ಮಗಳು ಎಂಥ ಸೀರೆ ಉಡುತ್ತಿದ್ದಳು? ಗದ್ದದ ಮೇಲಿನ ಈ ಚುಕ್ಕಿ ಏನು?” ಎಂದು ಕೇಳಲು ಎಷ್ಟು ಹೊತ್ತು ಬೇಕಾಗಿತ್ತು?

ಫೋಟೋ ಯಾರದು ಎಂಬ ಪ್ರಶ್ನೆ ಇನ್ನೊಂದಿದೆ. ಈ ವೃತ್ತಿಗೆ ಇಳಿಯುವವರು ಅದನ್ನು ಅಲಕ್ಷಿಸಬಾರದು. ಅಮೆರಿಕದ ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ಪ್ರಿನ್ಸ್ ಎಂಬ ಗಾಯಕನ ಫೋಟೋ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ, ಚಿತ್ರಕಾರ ನೋಡಿಕೊಂಡು ಬರೆಯಲೆಂದು, ಒಂದು ಸಲದ ಬಳಕೆಗೆ 400 ಡಾಲರ್ ಕೊಟ್ಟು ಅದನ್ನು ಪಡೆಯಿತು. ಚಿತ್ರಕಾರ ಆ್ಯಂಡಿ ವಾರ್‌ಹಾಲ್ ಒಂದರ ಬದಲು ಹದಿನಾರು ಚಿತ್ರ ಮಾಡಿದ. 2016ರಲ್ಲಿ ಗಾಯಕ ತೀರಿಕೊಂಡಾಗ ಅವುಗಳಲ್ಲೊಂದು ಮತ್ತೆ ಪತ್ರಿಕೆಯಲ್ಲಿ ಅಚ್ಚಾಗಿ, ವಾರ್‌ಹಾಲನ ಹೆಸರಿನ ಪ್ರತಿಷ್ಠಾನಕ್ಕೆ 10,000 ಡಾಲರ್ ಬಂತು. ಫೋಟೋ ತೆಗೆದಾಕೆಗೆ ಕಾಸೂ ಇಲ್ಲ. ವ್ಯಾಜ್ಯ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ ಏಳು ಮಂದಿ ನ್ಯಾಯಮೂರ್ತಿಗಳು ಆಕೆಯ ಪರವಾಗಿ, ಇಬ್ಬರು ವಿರುದ್ಧವಾಗಿ ಅಭಿಪ್ರಾಯವಿತ್ತರು.

ನಮ್ಮ ದೇಶದಲ್ಲಿಯೂ 1957ರ ಕೃತಿಸ್ವಾಮ್ಯ ಕಾಯಿದೆ ಫೋಟೋವನ್ನು ಚಿತ್ರ, ಶಿಲ್ಪಗಳ ಸಾಲಿನಲ್ಲಿಯೇ ಕಲಾಕೃತಿಯೆಂದು ಎಣಿಸುತ್ತದೆ. 2012ರ ತಿದ್ದುಪಡಿಯ ಮೇಲೆ ಅದರ ಹಕ್ಕು ಸಾಮಾನ್ಯವಾಗಿ ತೆಗೆದವನ ಜೀವಿತಕಾಲ ಮತ್ತು ಆ ಬಳಿಕ 60 ವರ್ಷ ಇರುತ್ತದೆ. ಆದುದರಿಂದ ಪತ್ರಿಕೆಯಲ್ಲೋ ಅಂತರ್ಜಾಲದಲ್ಲೋ ಸಿಕ್ಕ ಫೋಟೋವನ್ನು ಹಾಗೆಯೇ ಇಳಿಸಿ ಅಂಗಡಿಯ ಜಾಹೀರಾತಿಗೆ ಮಾರುವುದು ಅಪಾಯದ ಕೆಲಸ. ಅಭ್ಯಾಸಕ್ಕೆ ನೋಡಿ ಬರೆಯುವುದು ಬೇರೆ, ಮಾರಾಟಕ್ಕೆ ಬರೆಯುವುದು ಬೇರೆ. ಕುಟುಂಬಗಳು ತಿಳಿದಿರಬೇಕಾದ ಮಾತೂ ಆ ಕಾಯಿದೆಯಲ್ಲಿದೆ: ನಾವು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ನಮ್ಮದೇ. ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ ಬೇಕಾದ ಫೋಟೋವನ್ನು ತಾನೇ ತೆಗೆದುಕೊಳ್ಳುವುದು. ನಮ್ಮ ಎತ್ತು, ನಮ್ಮ ಬಾವಿ, ನಮ್ಮ ಸಂತೆ, ನಮ್ಮ ಮುದುಕರ ರುಮಾಲು. ಇವುಗಳ ಕಡತವೊಂದನ್ನು ಕಟ್ಟಿಟ್ಟುಕೊಂಡ ಚಿತ್ರಕಾರನಿಗೆ ಪರರ ಹೊಲದಲ್ಲಿ ಕಾಳು ಆಯುವ ಗತಿ ಬರುವುದಿಲ್ಲ.

ಈಗಿನ ಕಾಲದ ಮಾತನ್ನೂ ಹೇಳದೆ ಮುಗಿಸುವಂತಿಲ್ಲ. ಕೈಯಿಂದ ಬೋರ್ಡು ಬರೆಯುವವರನ್ನು ಫ್ಲೆಕ್ಸ್ ಯಂತ್ರ ಬಹುಮಟ್ಟಿಗೆ ಬದಿಗೆ ಸರಿಸಿತು. ಈಚೆಗೆ ನಾಲ್ಕು ಮಾತು ಬರೆದುಕೊಟ್ಟರೆ ಕ್ಷಣದಲ್ಲಿ ಚಿತ್ರ ಮಾಡಿಕೊಡುವ, ಮಸುಕಾದ ಹಳೆಯ ಫೋಟೋವನ್ನು ಹೊಸದರಂತೆ ಬೆಳಗಿಸಿಕೊಡುವ ಕೃತಕ ಬುದ್ಧಿಯ ಸಾಧನಗಳು ಬಂದಿವೆ. ಅವು ಮಸುಕಿನ ಒಳಗೆ ಅಡಗಿದ್ದ ಮುಖವನ್ನು ಹೊರಗೆ ತೆಗೆಯುತ್ತವೆಂದು ಯಾರೂ ನಂಬಬಾರದು. ತಾವು ಕಂಡ ಅಸಂಖ್ಯ ಮುಖಗಳ ಆಧಾರದ ಮೇಲೆ, ಇಲ್ಲಿ ಹೀಗಿದ್ದೀತು ಎಂದು ಊಹಿಸಿ ತುಂಬುತ್ತವೆ. ಹಚ್ಚೆಯ ಚುಕ್ಕಿಯನ್ನು ಆ ಯಂತ್ರವೂ ಧೂಳೆಂದೇ ಬಗೆದೀತು. ಮೊದಲೇ ಬರೆದಿಟ್ಟ ಸೀರೆಗಳು ಅಂದಿನ ಪೇಂಟರನ ಬಳಿ ಹತ್ತಾರು ಇದ್ದಿರಬಹುದು, ಯಂತ್ರದ ಬಳಿ ಕೋಟಿಗಟ್ಟಲೆ ಇವೆ. ಅಜ್ಜಿಯ ಮಗಳ ಸೀರೆ ಮಾತ್ರ ಅವುಗಳಲ್ಲಿಲ್ಲ. ಅದು ಇರುವುದು ಅಜ್ಜಿಯ ನೆನಪಿನಲ್ಲಿ.

ನಾವು ಇಷ್ಟೆಲ್ಲವನ್ನೂ ಆ ಹುಡುಗನಿಗೆ ಹೇಳಿದೆವು. ಅವನು ಎಷ್ಟು ಕೇಳಿದನೋ ತಿಳಿಯದು. ಮರುದಿನ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಅವನು ಕಾಗದ ಪೆನ್ಸಿಲು ಹಿಡಿದು ಅಜ್ಜಿಯ ಎದುರಿಗೆ ನೆಲದ ಮೇಲೆ ಕುಳಿತಿದ್ದ. ಹಳೆಯ ಗುಂಪಿನ ಫೋಟೋದಿಂದ ಹಿಗ್ಗಿಸಿದ ಮುಖದ ರೇಖೆಯನ್ನು ಚೌಕ ಹಾಕಿ ರಾತ್ರಿಯೇ ಇಳಿಸಿಕೊಂಡಿದ್ದ. “ಆಯಿ, ಅತ್ತಿ ಯಾವ ಸೀರಿ ಉಡತಿದ್ದಳು?” ಎಂದು ಕೇಳಿದ.

ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಹಿಂದೆ ಕೇಳಿರಲಿಲ್ಲವೆಂದು ತೋರುತ್ತದೆ. ಅಜ್ಜಿ ಕೆಲಹೊತ್ತು ಸುಮ್ಮನಿದ್ದರು. ಆಮೇಲೆ ಇಳಕಲ್ಲ ಸೀರೆಯ ಮಾತು ಬಂತು, ಅದರ ಕೆಂಪು ಸೆರಗಿನ ಮಾತು ಬಂತು, ಅದನ್ನು ಯಾವ ಜಾತ್ರೆಯಲ್ಲಿ ಎಷ್ಟು ಚೌಕಾಶಿ ಮಾಡಿ ಕೊಂಡರೆಂಬುದು ಬಂತು, ಕೈತುಂಬ ಹಸಿರು ಬಳೆ ಬಂದವು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಗೋಡೆಯ ಮೇಲೆ ಮಾತ್ರ ಇದ್ದ ಹೆಣ್ಣುಮಗಳು ಆ ಒಂದು ಗಂಟೆ ಪಡಸಾಲೆಯಲ್ಲಿಯೇ ಇದ್ದಂತೆ ನಮಗೆ ಭಾಸವಾಯಿತು. ಹುಡುಗ ಹಚ್ಚೆಯ ಬೊಟ್ಟು ಎಲ್ಲಿತ್ತೆಂದು ಕೇಳಿದಾಗ ಅಜ್ಜಿ ತಮ್ಮ ಗದ್ದದ ಮೇಲಿದ್ದ ಬೊಟ್ಟನ್ನೇ ಮುಟ್ಟಿ ತೋರಿಸಿದರು. “ಇಬ್ಬರೂ ಕೂಡೇ ಹಚ್ಚಿಸಿಕೊಂಡಿದ್ದಿವಿ. ಆಕೀದು ಇಲ್ಲಿ, ಒಂದೀಟು ಎಡಕ್ಕ.”

ಆ ಚಿತ್ರ ಇನ್ನೂ ಮುಗಿದಿಲ್ಲವೆಂದು ಕೇಳಿದ್ದೇವೆ. ಮುಗಿಯುವವರೆಗೆ ವಾಚಕರಲ್ಲಿ ಒಂದು ವಿನಂತಿ. ಈ ತಿಂಗಳು ಬಿಡುವು ಮಾಡಿಕೊಂಡು ಮನೆಯ ಹಳೆಯ ಫೋಟೋಗಳನ್ನು ಹೊರಗೆ ತೆಗೆಯಿರಿ. ಹಿರಿಯರನ್ನು ಬಳಿಯಲ್ಲಿ ಕೂಡಿಸಿಕೊಳ್ಳಿರಿ. ಯಾರು, ಯಾವ ಊರು, ಯಾವ ವರ್ಷ, ಸೀರೆಯ ಬಣ್ಣ ಯಾವುದು, ರುಮಾಲಿನ ಬಣ್ಣ ಯಾವುದು ಎಂಬುದನ್ನು ಕೇಳಿ ತಿಳಿದು, ಮೆತ್ತನೆಯ ಪೆನ್ಸಿಲಿನಿಂದ ಹಗುರಾಗಿ ಫೋಟೋದ ಬೆನ್ನಿಗೆ ಕನ್ನಡದಲ್ಲಿ ಬರೆದಿಡಿರಿ. ಮುಂದೆ ಯಾವ ಚಿತ್ರಕಾರನ ಕೈಗೆ ಅದು ಹೋದರೂ ಅವನಿಗೆ ಅಷ್ಟು ಊಹೆ ಕಡಿಮೆಯಾದೀತು.